ಅವ್ವನ ಬಣ್ಣಕ್ಕೊಂದು ಮಾನಿಟರು

ನಮ್ಮ ಕಡೆ ಸತ್ತವರೆಲ್ಲ ಬೆಳ್ಳಗಾಗುತ್ತಾರೆ. ಬದುಕಿದ್ದಷ್ಟು ಕಾಲ ಕಬ್ಬಿನ ಗದ್ದೆಯಲ್ಲಿ ಬಿಸಿಲು ತಿಂದ ಮುಖ, ತಿಥಿಯ ಫ್ಲೆಕ್ಸಿಗೆ ಬರುವಷ್ಟರಲ್ಲಿ ಸುಣ್ಣ ಹೊಡೆದ ಗೋಡೆಯಾಗಿರುತ್ತದೆ. ಮದ್ದೂರಿನಲ್ಲಿ ನನ್ನದೊಂದು ಡಿಸೈನ್ ಅಂಗಡಿ. ಮದುವೆ ಆಲ್ಬಂ, ಫ್ಲೆಕ್ಸು, ಫೋಟೊ ಫ್ರೇಮು. ಸುಣ್ಣ ಹೊಡೆಯುವುದೇ ನನ್ನ ಅನ್ನ, ಹಾಗಾಗಿ ಊರವರ ಮುಖದ ವಿಷಯದಲ್ಲಿ ನಾನು ತುಟಿ ಬಿಚ್ಚುವವನಲ್ಲ. ಆದರೆ ಅವ್ವನ ವರ್ಷದ ತಿಥಿಗೆ ಗೋಡೆಗೆ ಹಾಕುವ ಫೋಟೊ ಮಾಡಬೇಕಾಗಿ ಬಂದಾಗ ನನಗೆ ಹಟ ಹಿಡಿಯಿತು. ಅವ್ವನದು ರಾಗಿಮುದ್ದೆಯ ಬಣ್ಣ. ಗೋಡೆಯ ಮೇಲೂ ಅವಳು ಹಾಗೇ ಇರಬೇಕು.

ನನ್ನ ಹಳೆಯ ಮಾನಿಟರನ್ನು ನಂಬುವಂತಿರಲಿಲ್ಲ. ಅದರಲ್ಲಿ ಕಂಡಿದ್ದೊಂದು, ಪ್ರಿಂಟಾಗಿ ಬರುವುದೊಂದು. ಮಂಡ್ಯಕ್ಕೆ ಹೋಗಿ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವನು ಗಿಳಿ, ಮೀನು, ಪಟಾಕಿಯ ವಿಡಿಯೊ ಹಾಕಿ, "ಕಲರ್ ಎಂಗ್ ಒಡೀತದೆ ನೋಡಿ ಸಾರ್" ಅಂದ.

"ಒಡೀಬಾರ್ದು ಕಣಯ್ಯ. ಇದ್ದಂಗೆ ತೋರುಸ್ಬೇಕು."

"ಇದ್ದಂಗೆ ನೋಡಕ್ಕೆ ಮಾನಿಟ್ರು ಯಾಕ್ ಸಾರ್, ಕಣ್ಣಿಲ್ವಾ?"

ಅವನ ಬುದ್ಧಿವಂತಿಕೆಗೆ ದೊಡ್ಡ ನಮಸ್ಕಾರ ಹಾಕಿದೆ. ಮೂಲೆಯಲ್ಲಿ, ಯಾರಿಗೂ ಬೇಡವಾಗಿ, ಹೊಳಪಿಲ್ಲದ ಪರದೆಯದೊಂದು ಕೂತಿತ್ತು. ಪಕ್ಕದಿಂದ ನೋಡಿದರೂ ಬಣ್ಣ ಬದಲಾಗದು. ಅದನ್ನೇ ತಂದೆ. ಜೊತೆಗೆ, ಬಣ್ಣ ಅಳೆಯುವ ಪುಟ್ಟ ಯಂತ್ರವೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಪರದೆಯ ಮಧ್ಯಕ್ಕೆ ಅದನ್ನು ಇಳಿಬಿಟ್ಟರೆ, ಬರುವ ಕೆಂಪು ಹಸಿರು ನೀಲಿಯನ್ನೆಲ್ಲ ಅಳೆದು, ಹೆಚ್ಚುಕಡಿಮೆ ಸರಿಪಡಿಸುತ್ತದೆ.

ಯಂತ್ರಕ್ಕಿಂತ ಮೊದಲು ಆಯುಧಪೂಜೆ ಬಂತು. ಹಳ್ಳಿಯಿಂದ ಬಂದ ಅಣ್ಣ, ತಕ್ಕಡಿ, ಟ್ರ್ಯಾಕ್ಟರಿಗೆ ಹಚ್ಚುವ ಉತ್ಸಾಹದಲ್ಲೇ ಹೊಸ ಪರದೆಗೂ ನಟ್ಟನಡುವೆ ವಿಭೂತಿ ಎಳೆದು, ಮೇಲೆ ಕುಂಕುಮ ಒತ್ತಿದ. ಒರೆಸಲು ಹೋದರೆ, "ಅಬ್ಬುದ್ ಕುಂಕುಮ ಕಣ್ಲಾ, ಮುಟ್ಬೇಡ, ತಾನಾಗೇ ಉದ್ರೋಗ್ಲಿ ಬುಡು" ಎಂದು ಗದರಿದ. ವಿಭೂತಿ ಉದುರಿತು. ಕುಂಕುಮ ಮಾತ್ರ ತೆಳ್ಳಗೆ ಕಚ್ಚಿಕೊಂಡಿತು, ದಿನಾ ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳುವುದೇ ನಿಂತಿತು.

ಯಂತ್ರ ಬಂದ ದಿನ ಸರಿಯಾಗಿ ಆ ಕಲೆಯ ಮೇಲೇ ಇಳಿಬಿಟ್ಟೆ. ಅದಕ್ಕೇನು ಗೊತ್ತು, ಪಾಪ! ಪರದೆಯೇ ಕೆಂಪಗಿದೆ ಎಂದುಕೊಂಡು ಕೆಂಪನ್ನೆಲ್ಲ ಇಳಿಸಿಬಿಟ್ಟಿತು. ಅವ್ವನ ಫೋಟೊ ತೆರೆದರೆ ಫ್ರಿಜ್ಜಿನಿಂದ ತೆಗೆದಂತೆ ನೀಲಿಗಟ್ಟಿದ್ದಳು. ಫೋಟೊ ನೋಡಲೆಂದು ಅಂದು ಮತ್ತೆ ಬಂದು ಹಿಂದೆ ನಿಂತಿದ್ದ ಅಣ್ಣನ ಮುಖ ಅರಳಿತು.

"ನೋಡ್ಲಾ, ಈಗ ಬಂತು ಲಕ್ಸಣ! ಎಷ್ಟ್ ಬೆಳ್ಳುಗ್ ಕಾಣ್ತಾವ್ಳೆ ಅವ್ವ! ಇಂಗೇ ಮಾಡ್ಸು."

ಹೆತ್ತವಳು ಹೆಣದ ಬಣ್ಣಕ್ಕೆ ತಿರುಗಿದ್ದು ಅವನಿಗೆ ಲಕ್ಷಣವಾಗಿ ಕಂಡಿತ್ತು. ನನಗೆ ಮೈಯೆಲ್ಲ ಉರಿಯಿತು. ಒದ್ದೆ ಬಟ್ಟೆ ತಂದು, ಅವನ ಕಣ್ಣೆದುರೇ ಹಬ್ಬದ ಕುಂಕುಮವನ್ನು ಉಜ್ಜಿ ತೆಗೆದು ಮತ್ತೆ ಅಳತೆಗೆ ಹಚ್ಚಿದೆ. ಈ ಸಲ ಅವ್ವ ಬಂದಳು. ಹೊಂಗೆ ಮರದ ನೆರಳಲ್ಲಿ ಕೂತ ಅದೇ ಕಪ್ಪು ಮುಖ, ಕೆನ್ನೆಯ ಮೇಲೆ ಎಣ್ಣೆಯ ಮಿನುಗು. ನನ್ನ ಮುಂಗೈಯನ್ನು ಪರದೆಯ ಪಕ್ಕ ಹಿಡಿದೆ. ಎರಡೂ ಒಂದೇ ಬಣ್ಣ.

"ಜನ ಏನಂತಾರ್ಲಾ, ಇಂಗ್ ಕರ್ರುಗ್ ಆಕುದ್ರೆ?" ಅಂದ ಅಣ್ಣ. ಅವನೂ ಅದೇ ಬಣ್ಣದವನು, ನನಗಿಂತ ಒಂದು ಕೈ ಮುಂದೆ. ನಾನು ಅವ್ವನನ್ನು ಇದ್ದಂತೆಯೇ ಪ್ರಿಂಟಿಗೆ ಕಳಿಸಿದೆ. ಅವನು ಮಾತು ಬಿಟ್ಟ. ಬೇರೆ ಕಡೆ ಹೋಗಿ ಅದೇ ಫೋಟೊಗೆ ಮನಸಾರೆ ಸುಣ್ಣ ಹೊಡೆಸಿ, ಆಳೆತ್ತರದ ಫ್ಲೆಕ್ಸು ಮಾಡಿಸಿ, ತಿಥಿಯ ದಿನ ಹಳ್ಳಿಯ ಬಸ್ ಸ್ಟಾಪಿನಲ್ಲಿ ಕಟ್ಟಿಸಿದ. ಬಂದವರೆಲ್ಲ ಫ್ಲೆಕ್ಸನ್ನು ಹೊಗಳಿದರು. ಮನೆಯೊಳಗಿನ ಫ್ರೇಮಿನ ಮುಂದೆ ಕೈಮುಗಿದು, "ಕರೆಂಟಿಲ್ದಾಗ ತೆಗ್ದಿದ್ದಾ?" ಎಂದು ಕೇಳಿದವರೂ ಇದ್ದರು. ಊಟದ ಹೊತ್ತಿಗೆ ನನ್ನ ಹಟವೇ ನನಗೆ ಪೆದ್ದುತನವೆನ್ನಿಸತೊಡಗಿತ್ತು.

ಆಗ ಮಳವಳ್ಳಿ ಕಡೆಯಿಂದ ಚಿಕ್ಕವ್ವ ಬಂದಳು, ಅವ್ವನ ಒಬ್ಬಳೇ ತಂಗಿ. ಓದು ಬರದವಳು. ಬಸ್ಸಿಳಿದು ನೇರ ಬಂದವಳೇ ಪಂಕ್ತಿಯಲ್ಲಿ ಬಡಿಸುತ್ತಿದ್ದ ಅಣ್ಣನನ್ನು ನಿಲ್ಲಿಸಿ ಕೇಳಿದಳು:

"ಬಸ್ ಸ್ಟಾಪಲ್ಲಿ ಕಟ್ಟವ್ರಲ್ಲ, ಆ ಯಮ್ಮ ಯಾರ್ಲಾ ಮಗ? ಇವತ್ತು ಇನ್ನೊಂದ್ ಮನೇಲೂ ತಿಥಿಯಾ?"

ಉತ್ತರಕ್ಕೆ ಕಾಯದೆ ಚಿಕ್ಕವ್ವ ಒಳಗೆ ಹೋದಳು. ಫ್ರೇಮಿನ ಮುಂದೆ ನಿಂತು, ಗಾಜಿನ ಮೇಲೆ ತನ್ನ ಕಪ್ಪು ಕೈಯಿಟ್ಟು, "ಅಕ್ಕಾ" ಎಂದು ಕೂಗಿ ಅತ್ತಳು.