ಮೆಟ್ಟಿಲ ಬಳಿ ಜೋಡಿಸಿಟ್ಟ ಬೂಟು

ನಮ್ಮ ಅಡುಗೆಮನೆಯ ಮಿಕ್ಸಿ ಈಚೆಗೆ ರುಬ್ಬುವಾಗ ಸುಟ್ಟ ವಾಸನೆ ಬಿಡುತ್ತಿದೆ. ಹಸಿಮೆಣಸಿನಕಾಯಿಯ ಘಾಟಿನ ಹಿಂದೆ ಸಣ್ಣಗೆ ಬಿಸಿಯಾದ ವೈರಿನ ಕಮಟು. ಬೇರೆಯವರ ಮನೆಯಲ್ಲಾದರೆ ಅದು ಹೊಸ ಮಿಕ್ಸಿ ತರಬೇಕೆಂಬ ಸೂಚನೆ. ನನಗೆ ಅದು ಮಾದೇಶನ ಹಳೆಯ ಆಂಪ್ಲಿಫೈಯರಿನ ವಾಸನೆ. ಅದೂ ಸ್ವಲ್ಪ ಹೊತ್ತು ಓಡಿತೆಂದರೆ ಹೀಗೇ ನಾತ ಹೊಡೆಯುತ್ತಿತ್ತು. ಅವನು ಹಾಡುತ್ತಲೇ, ಅದಕ್ಕೆ ಬೀಸಣಿಗೆಯಲ್ಲಿ ಗಾಳಿ ಹಾಕೆಂದು ನನಗೆ ಸನ್ನೆ ಮಾಡುತ್ತಿದ್ದ. ರಾಕ್ ಬ್ಯಾಂಡಿಗೆ ನನ್ನ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಬೀಸಣಿಗೆ.

ಮಾದೇಶ ಯಾರು ಎನ್ನುತ್ತೀರೇನೋ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಕೇಳಿ ನೋಡಿ, 'ಓ, ಮ್ಯಾಡಿನಾ?' ಎಂದಾರು. ಅವನು ಸತ್ತಾಗ ಈ ಮಕ್ಕಳು ಹುಟ್ಟೇ ಇರಲಿಲ್ಲ. ಬದುಕಿದ್ದಾಗ ಅವನ ಹೆಸರು ಮೈಸೂರಿನ ನಾಲ್ಕಾರು ಕಾಲೇಜುಗಳ ಕಾಂಪೌಂಡು ದಾಟಿದ್ದಿಲ್ಲ. ಒಂದೇ ಒಂದು ಕ್ಯಾಸೆಟ್ ಮಾಡಿದ್ದ. ಅದನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕಿದ ಮೇಲೆ ಅವನಿಗೆ ಅಭಿಮಾನಿಗಳು ಹುಟ್ಟಿಕೊಂಡರು. ಅಭಿಮಾನಿಗಳು ಬಂದ ಮೇಲೆ ಕೊಲೆಗಾರನೂ ಬೇಕಾಯಿತು.

ನಮ್ಮ ಬ್ಯಾಂಡಿನ ಹೆಸರು 'ತಗಡು'. ಸರಸ್ವತಿಪುರಂನ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದುದರಿಂದ ಆ ಹೆಸರು. ಹಾಡಿಗೂ ಗಿಟಾರಿಗೂ ಮಾದೇಶ, ಬೇಸ್ ಗಿಟಾರಿಗೆ ನಂಜುಂಡ, ಡ್ರಮ್ಮಿಗೆ ರವಿ, ಕೀಬೋರ್ಡಿಗೆ ನಾನು. ಹಾರ್ಮೋನಿಯಂ ಕಲಿಯಲು ಹೊರಟವಳು ದಾರಿ ತಪ್ಪಿ ಅಲ್ಲಿಗೆ ಸೇರಿದ್ದೆ. ಚೂಡಿದಾರದ ದುಪ್ಪಟ್ಟಾಗೆ ಎರಡೂ ಕಡೆ ಪಿನ್ ಹಾಕಿಕೊಂಡು ನಿಂತರೆ, ನೋಡಿದವರು ನಾನು ವಂದನಾರ್ಪಣೆ ಮಾಡಲು ಬಂದವಳೆಂದು ತಿಳಿಯುತ್ತಿದ್ದರು. ಆಮೇಲೆ ರವಿಯನ್ನೇ ಮದುವೆಯಾದೆ. ಈಗ ಅವರು ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರು, ನಾನು ಟ್ಯುಟೋರಿಯಲ್ಲಿನಲ್ಲಿ ತ್ರಿಕೋನಮಿತಿ ಹೇಳಿಕೊಡುತ್ತೇನೆ. ನನ್ನ ವಿದ್ಯಾರ್ಥಿನಿಯರಿಗೆ ನಾನೊಮ್ಮೆ ರಾಕ್ ಬ್ಯಾಂಡಿನಲ್ಲಿದ್ದೆ ಎಂದರೆ, ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದಾಗ ಆಗುವಷ್ಟೇ ಅಪನಂಬಿಕೆ.

ಮಾದೇಶ ಸತ್ತದ್ದು ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ, ಹಾಡುತ್ತಿದ್ದಾಗಲೇ, ಕರೆಂಟು ಹೊಡೆದು. ಪೊಲೀಸರು ಬಂದು ನೋಡಿ ಆಕಸ್ಮಿಕ ಎಂದರು. ಊರು ಅಷ್ಟಕ್ಕೆ ಒಪ್ಪಲಿಲ್ಲ. ಹಿಂದಿನ ದಿನ ಮಾದೇಶನಿಗೂ ನಂಜುಂಡನಿಗೂ ಜೋರು ಜಗಳವಾಗಿತ್ತಂತೆ. ಮಾದೇಶನ ಆಂಪ್ಲಿಫೈಯರಿನ ವೈರು ಯಾರೋ ಕತ್ತರಿಸಿದ್ದರಂತೆ, ನಂಜುಂಡನದ್ದು ಮಾತ್ರ ಸರಿಯಿತ್ತಂತೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಬೂಟು. ಯಾವ ವೇದಿಕೆಯಲ್ಲೂ ಕಾಲಿಂದ ತೆಗೆಯದಿದ್ದ ಮೊಣಕಾಲುದ್ದದ ಕರಿ ಬೂಟನ್ನು ಮಾದೇಶ ಅವತ್ತೇ ಯಾಕೆ ಬಿಚ್ಚಿದ? ಕಾಲುಚೀಲವನ್ನು ಒಳಗೆ ತುರುಕಿ, ಮೆಟ್ಟಿಲ ಬಳಿ ಜೋಡಿಸಿಟ್ಟಿದ್ದ ಆ ಬೂಟಿನ ಫೋಟೋ ಮರುದಿನ ಪತ್ರಿಕೆಯಲ್ಲಿ ಬಂತು. ಪಕ್ಕದಲ್ಲೇ ಬಿಟ್ಟಿದ್ದ ನನ್ನ ಹವಾಯಿ ಚಪ್ಪಲಿ ಫೋಟೋದಿಂದ ಆಚೆ ಉಳಿಯಿತು. ಬೂಟು ಒಂದೇ ನಿಂತದ್ದರಿಂದ ಅದಕ್ಕೆ ಏನೋ ಗೂಢಾರ್ಥ ಬಂದುಬಿಟ್ಟಿತು. ಯಾರೋ ಉಪಾಯವಾಗಿ ಬಿಚ್ಚಿಸಿದ್ದಾರೆ ಎಂದರು. ಯಾರು ಎಂದರೆ, ಇನ್ನಾರು, ಜಗಳವಾಡಿದವನೇ.

ಈಗ ನಡೆದದ್ದನ್ನು ಹೇಳುತ್ತೇನೆ. ಜಗಳವಾದದ್ದು ನಿಜ. ನಮ್ಮ ಶೆಡ್ಡಿನಲ್ಲೇ ಆಯಿತು, ಕಾಫಿ ತರುತ್ತಿದ್ದ ನಾನು ಬಾಗಿಲಲ್ಲೇ ನಿಂತೆ. ಮಾದೇಶನ ಆಂಪ್ಲಿಫೈಯರ್ ಸದಾ ಗುಂಯ್ ಎನ್ನುತ್ತಿತ್ತು. ಆ ಕಾಲದಲ್ಲಿ ಆ ಸದ್ದು ನಿಲ್ಲಿಸಲು ಹುಡುಗರೆಲ್ಲ ಕಂಡುಕೊಂಡಿದ್ದ ಉಪಾಯ ಒಂದೇ, ಪ್ಲಗ್ಗಿನ ಅರ್ಥ್ ವೈರು ಕತ್ತರಿಸಿಬಿಡುವುದು. ಸದ್ದೇನೋ ನಿಲ್ಲುತ್ತಿತ್ತು. ಆದರೆ ಒಳಗೆಲ್ಲಾದರೂ ಕರೆಂಟು ಸೋರಿದರೆ ಅದು ನೆಲಕ್ಕೆ ಹೋಗದೆ ಗಿಟಾರಿನ ತಂತಿಯಲ್ಲೇ ಕಾದು ಕೂರುತ್ತಿತ್ತು. ನಮ್ಮಪ್ಪನ ಕಟಿಂಗ್ ಪ್ಲೇಯರ್ ಹಿಡಿದು ಕೂತಿದ್ದವನು ಮಾದೇಶನೇ. ಬೇಡವೆಂದು ಕೂಗಾಡಿದವನು ನಂಜುಂಡ.

"ಸದ್ದು ಬಂದ್ರೆ ಬರ್ಲಿ ಬುಡೋ, ಜೀವಕ್ಕಿಂತ ಹೆಚ್ಚಾ ಅದು?"

"ಜೇನುಗೂಡೊಳಗೆ ಕೂತು ಹಾಡ್ದಂಗಾಯ್ತದೆ ಕಣೋ. ನಿನ್ದು ಬ್ಯಾಡ ಅಂದ್ರೆ ಬುಡು, ನನ್ದು ನಾನು ಕತ್ತರಿಸ್ಕೋತೀನಿ."

ಅಷ್ಟೇ ಜಗಳ. ನಂಜುಂಡ ಕಾಫಿ ಕುಡಿಯದೆ ಹೋದ. ಅವನ ವೈರು ಸರಿಯಿದ್ದದ್ದು ಅದಕ್ಕೇ. ಇದನ್ನು ನಾವು ಪೊಲೀಸರಿಗೂ ಹೇಳಿದೆವು, ಕೇಳಿದ ಬೀದಿಯವರಿಗೂ ಹೇಳಿದೆವು. 'ಸ್ನೇಹಿತರಲ್ವಾ, ಬಿಟ್ಟುಕೊಡ್ತಾರಾ?' ಎಂದು ತಲೆಯಾಡಿಸಿದರು. ನಿಜ ಹೇಳಿದಷ್ಟೂ ನಾವೇ ಸಂಚಿನಲ್ಲಿ ಒಂದೊಂದು ಹೆಜ್ಜೆ ಒಳಗೆ ಹೋದಂತಾಗುತ್ತಿತ್ತು.

ಬೂಟಿನ ವಿಷಯ ಮಾತ್ರ ನಾವು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅದನ್ನು ಬಿಚ್ಚಿಸಿದವರು ಮಾದೇಶನ ತಾಯಿ ಪುಟ್ಟತಾಯಮ್ಮ.

ಅವತ್ತು ಅವರು ಮಗನ ಹಾಡು ಕೇಳಲು ಮೊದಲ ಬಾರಿ ಬಂದಿದ್ದರು. ಹೊಸ ಸೀರೆ, ತಲೆತುಂಬ ಕನಕಾಂಬರ, ಮೊದಲ ಸಾಲಿನ ಕುರ್ಚಿ. ವೇದಿಕೆಯ ಒಂದು ಕಡೆ ಗಣಪತಿ, ಇನ್ನೊಂದು ಕಡೆ ನಾವು. ಸಂಜೆಯ ಮಂಗಳಾರತಿ ಮುಗಿದು, ತೀರ್ಥ ಚೆಲ್ಲಿ ಜಮಖಾನ ಅಲ್ಲಲ್ಲಿ ಒದ್ದೆಯಾಗಿತ್ತು. ನಾವು ಮೂವರೂ ಚಪ್ಪಲಿ ಬಿಟ್ಟು ಹತ್ತಿದ್ದೆವು. ಮಾದೇಶ ತನ್ನ ಗತ್ತಿನಲ್ಲಿ ಬೂಟು ಕುಟ್ಟುತ್ತಾ ಬಂದ. ಪುಟ್ಟತಾಯಮ್ಮ ಕುರ್ಚಿಯಿಂದೆದ್ದು ಮೆಟ್ಟಿಲ ಬಳಿ ಬಂದು, ಪೆಂಡಾಲಿನ ಗದ್ದಲದಲ್ಲಿ ನಮಗಷ್ಟೇ ಕೇಳುವಂತೆ ಗದರಿದರು.

"ಲೇ ಮಾದೇಸ! ಗಣಪತಪ್ಪನ ಮುಂದೆ ಬೂಟ್ ಹಾಕ್ಕಂಡು ಅತ್ತೀಯೇನ್ಲಾ? ಬಿಚ್ಚಲಾ!"

ನಾವು ಮೂವರೂ ಗೊಳ್ಳೆಂದು ನಕ್ಕೆವು. "ಬಿಚ್ತೀನಿ ಕಣವ್ವಾ, ಮಾನ ಕಳೀಬ್ಯಾಡ" ಎಂದು ಅವನೂ ನಗುತ್ತಲೇ ಮೆಟ್ಟಿಲ ಮೇಲೆ ಕೂತು ಬೂಟು ಎಳೆದ. ಎರಡನೆಯ ಹಾಡಿನ ಮಧ್ಯೆ ಬಿದ್ದ.

ಒದ್ದೆ ಜಮಖಾನ, ಬರಿಗಾಲು. ನಮಗೆ ಲೆಕ್ಕ ಸರಿಹೋಗಿತ್ತು. ಬೂಟಿದ್ದಿದ್ದರೆ ಬದುಕುತ್ತಿದ್ದ ಎಂದು ನಾವು ಮೂವರೂ ಒಳಗೊಳಗೇ ತೀರ್ಮಾನಿಸಿಬಿಟ್ಟೆವು. ಆ ತಾಯಿಯ ಕಿವಿಗೆ ಇದು ಬೀಳಬಾರದು ಎಂದು ಆಸ್ಪತ್ರೆಯ ಅಂಗಳದಲ್ಲಿ ಮೊದಲು ಹೇಳಿದವನು ನಂಜುಂಡನೇ. "ಬೂಟಿನ ಸುದ್ದಿ ಎತ್ಬ್ಯಾಡ್ರಿ. ಜನ ನನ್ನ ಏನಾದ್ರೂ ಅಂದ್ಕೊಳ್ಲಿ. ನಾಲ್ಕು ದಿನ ಮಾತಾಡಿ ಸುಮ್ನಾಯ್ತಾರೆ" ಎಂದ.

ಜನ ಸುಮ್ಮನಾಗಲಿಲ್ಲ. ಹನ್ನೊಂದನೆಯ ದಿನ ನಂಜುಂಡ ಮಾದೇಶನ ಮನೆಗೆ ಹೋದಾಗ ಪುಟ್ಟತಾಯಮ್ಮ ಅವನ ಮುಖ ನೋಡಿ ಬಾಗಿಲು ಹಾಕಿಕೊಂಡರು. ಆಮೇಲೆ ಅವನು ಆ ಬೀದಿಗೆ ಕಾಲಿಡಲಿಲ್ಲ, ಗಿಟಾರನ್ನೂ ಮುಟ್ಟಲಿಲ್ಲ. ರಾಮಕೃಷ್ಣನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟ. ಜೆರಾಕ್ಸ್ ಮಾಡಿಸಲು ಬಂದವರು ಅವನ ಬೆನ್ನ ಹಿಂದೆ ಒಬ್ಬರನ್ನೊಬ್ಬರು ತಿವಿದುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಇಂಟರ್ನೆಟ್ಟಿನ ಕಾಲ ಬಂದ ಮೇಲೆ ಅಂಗಡಿಯ ಮುಂದೆ ನಿಂತು ವಿಡಿಯೋ ಮಾಡುವವರೂ ಬಂದರು. ಅವನು ಷಟರು ಎಳೆದು ಒಳಗೆ ಕೂರುತ್ತಿದ್ದ. ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡ. ಆ ಸುದ್ದಿಯ ಕೆಳಗೂ ಯಾರೋ 'ಕರ್ಮ ಬಿಡುತ್ತಾ?' ಎಂದು ಬರೆದಿದ್ದರು. ಅದನ್ನು ಓದಿದ ದಿನ ನನಗೆ ಬಂದ ಕೋಪದಲ್ಲಿ ಫೋನು ಗೋಡೆಗೆ ಎಸೆಯಬೇಕೆನಿಸಿತು. ಕಂತು ಇನ್ನೂ ತೀರಿಲ್ಲವೆಂಬುದು ನೆನಪಾಗಿ ಕೆಳಗಿಟ್ಟೆ.

ಈಗ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಗಣಪತಿ ಹಬ್ಬದ ಹೊತ್ತಿಗೆ ಟ್ಯುಟೋರಿಯಲ್ಲಿನ ಹುಡುಗಿಯೊಬ್ಬಳು "ಮೇಡಂ, ಮ್ಯಾಡಿ ಬಿದ್ದ ವಿಡಿಯೋನೇ ಸಿಕ್ಕಿದೆಯಂತೆ" ಎಂದು ಕಳಿಸಿದಳು. ಯಾವುದೋ ಮನೆಯವರು ಮಗಳ ಡ್ಯಾನ್ಸಿಗೆಂದು ಕ್ಯಾಮೆರಾ ತಂದಿದ್ದರಂತೆ, ನಮ್ಮದೂ ಸೇರಿಕೊಂಡಿದೆ. ಕೊಲೆಯನ್ನು ಸಾಬೀತು ಮಾಡುತ್ತೇವೆಂದು ಹೊರಟವರು ನಂಜುಂಡನ ಸುತ್ತ ಕೆಂಪು ವೃತ್ತ ಎಳೆದು, ಹಿನ್ನೆಲೆಗೆ ಎದೆ ನಡುಗಿಸುವ ಸಂಗೀತ ಹಾಕಿದ್ದರು. ನಾನು ನೋಡಲಾರೆ ಎಂದು ಫೋನನ್ನು ರವಿಯ ಕೈಗೆ ಕೊಟ್ಟು ಒಗ್ಗರಣೆ ಹಾಕಲು ಹೋದೆ. ಬಂದು ನೋಡಿದರೆ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಲ್ಲಿ ನೋಡೇ," ಎಂದರು. "ಒಂದು ಹಾಡು ಪೂರ್ತಿ ಅದೇ ಜಾಗದಲ್ಲಿ, ಬರಿಗಾಲಲ್ಲೇ ನಿಂತು ಗಿಟಾರ್ ಬಾರಿಸಿದಾನೆ. ಏನೂ ಆಗಿಲ್ಲ. ಒದ್ದೆ ಇದ್ದಿದ್ದು ಗಣಪತಿ ಕಡೆ, ಇವನ ಕಾಲ್ಕೆಳಗೆ ಒಣಗಿದ ಹಲಗೆ. ಎರಡನೇ ಹಾಡಲ್ಲಿ ಮುಂದಕ್ಕೆ ಬಗ್ಗಿದ, ತುಟಿ ಮೈಕಿಗೆ ತಾಗಿತು, ಆಗಲೇ ಬಿದ್ದಿದ್ದು. ಮೈಕಿಗೆ ಅರ್ಥ್ ಇತ್ತಲ್ಲ, ಕರೆಂಟು ತಂತಿ ಹಿಡಿದ ಕೈಯಿಂದ ಬಾಯಿಗೆ ಹೋಗಿದೆ, ಕಾಲಿಗಲ್ಲ. ಬೂಟಿದ್ರೂ ಅಷ್ಟೇ ಆಗ್ತಿತ್ತು."

ಊರಿನವರ ಕಟ್ಟುಕತೆಯನ್ನು ಇಷ್ಟು ವರ್ಷ ಆಡಿಕೊಂಡ ನಾವು, ನಮ್ಮದೇ ಒಂದು ಕಟ್ಟುಕತೆಯನ್ನು ಎದೆಯಲ್ಲಿಟ್ಟು ಸಾಕಿದ್ದೆವು. ಅದಕ್ಕೆ ಹೆದರಿಯೇ ಬಾಯಿ ಮುಚ್ಚಿಕೊಂಡಿದ್ದೆವು, ಅದರ ಬೆಲೆಯನ್ನು ನಂಜುಂಡ ತೆತ್ತ. ನಾವು ಮೂವರೂ ಒಂದು ದಿನ ಕೂತು ಮಾತಾಡಿದ್ದರೆ ಗೊತ್ತಾಗುತ್ತಿತ್ತೋ ಏನೋ. ಆ ಸಂಜೆಯ ಮಾತು ಬಂದರೆ ಮೂವರೂ ಬೇರೆ ಕಡೆ ನೋಡುತ್ತಿದ್ದೆವು.

ಪುಟ್ಟತಾಯಮ್ಮ ಈಗ ಸಿದ್ಧಾರ್ಥನಗರದಲ್ಲಿ ಮಗಳು ಶೋಭಾಳ ಮನೆಯಲ್ಲಿದ್ದಾರೆ. ಮಾರನೆಯ ಭಾನುವಾರ ಹೋದೆವು. ವಿಡಿಯೋ ತೋರಿಸಲಿಲ್ಲ, ತೋರಿಸುವಂಥದ್ದಲ್ಲ. ಬಿಸಿಲಿಗೆ ಕಾಲು ಚಾಚಿ ಕೂತಿದ್ದವರ ಪಕ್ಕ ರವಿ ನೆಲದ ಮೇಲೇ ಕೂತು, ಅವರ ಕೈ ಹಿಡಿದುಕೊಂಡು, ಬಿಡಿಸಿ ಬಿಡಿಸಿ ಹೇಳಿದರು. ಅಜ್ಜಿ ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ.

"ಅಂಗಾದ್ರೆ ನಾನ್ ಬೂಟ್ ಬಿಚ್ಸಿದ್ದಕ್ಕಲ್ವಾ?"

"ಅಲ್ಲಮ್ಮ. ಖಂಡಿತ ಅಲ್ಲ."

ಅವರು ಚಾಚಿದ್ದ ಕಾಲು ಮಡಚಿಕೊಂಡು ನನ್ನ ಕಡೆ ತಿರುಗಿದರು.

"ನೀವು ನನ್ ಮುಂದೆ ಬೂಟಿನ್ ಮಾತೇ ಎತ್ತಲ್ಲ ಅಂತ ನಂಗೊತ್ತಿತ್ತು ಕಣವ್ವ. ಅದ್ಕೇ, ಬೂಟ್ ಬಿಚ್ಸಿದ್ದಕ್ಕೇ ಸತ್ತ ಅನ್ನೋದು ನಂಗೆ ದಿಟ ಅನ್ನುಸ್ತು. ಆ ನಂಜುಂಡ ಅಂಥೋನಲ್ಲ ಅಂತ್ಲೂ ಗೊತ್ತಿತ್ತು. ಆದ್ರೆ ಅವ ಮಾಡಿಲ್ಲ ಅಂದ್ರೆ ನಾನೇ ಮಾಡ್ದಂಗಾಯ್ತಿತ್ತಲ್ಲ. ಊರೋರೆಲ್ಲ ಅವನೇ ಅಂದ್ರು, ನಾನೂ ಅಂಗೇ ಅಂದ್ಕೊಂಬುಟ್ಟೆ."

ವಿಡಿಯೋ ಮಾಡುವವರನ್ನು ಮನಸಾರೆ ಬಯ್ಯುತ್ತಿದ್ದ ನನಗೆ, ಒಂದು ಸುಳ್ಳು ಒಬ್ಬರಿಗೆ ಊರುಗೋಲೂ ಆಗಿರಬಹುದೆಂದು ಹೊಳೆದೇ ಇರಲಿಲ್ಲ. ಆ ಊರುಗೋಲು ಊರಿದ್ದು ನಂಜುಂಡನ ಎದೆಯ ಮೇಲೆ ಎಂಬುದನ್ನೂ ಮರೆಯಲಾರೆ. ಇಬ್ಬರ ಮೇಲೂ ಒಟ್ಟಿಗೇ ಮರುಕ ಹುಟ್ಟಿತು.

ಮಾರ್ನಮಿ ಅಮಾವಾಸ್ಯೆಯ ದಿನ ಆ ಮನೆಯಲ್ಲಿ ಮಾದೇಶನಿಗೆ ಎಡೆ ಇಡುತ್ತಾರೆ. ತೀರಿಕೊಂಡವರು ಇಷ್ಟಪಡುತ್ತಿದ್ದುದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ಬಾಗಿಲು ಮುಂದಕ್ಕೆ ಮಾಡಿ ಸ್ವಲ್ಪ ಹೊತ್ತು ಆಚೆ ನಿಲ್ಲುವುದು. ಇವತ್ತು ಬೆಳಿಗ್ಗೆಯೇ ನಮಗೂ ಬುಲಾವ್ ಬಂದಿತ್ತು. ಹೋದಾಗ ದೇವರ ಮುಂದೆ ಎರಡು ಎಲೆ ಹಾಸಿತ್ತು. ಒಂದರ ಹಿಂದೆ ಮಾದೇಶನ ಫೋಟೋ. ಇನ್ನೊಂದರ ಹಿಂದೆ ಏನೂ ಇರಲಿಲ್ಲ.

"ನಂಜುಂಡಂಗೆ" ಎಂದರು ಪುಟ್ಟತಾಯಮ್ಮ. "ಅವ್ನಿಗೇನಿಷ್ಟ ಏಳವ್ವ, ಮಾಡ್ತೀನಿ."

ನಾನು ರವಿಯ ಮುಖ ನೋಡಿದೆ, ರವಿ ನನ್ನ ಮುಖ ನೋಡಿದರು. ವರ್ಷಗಟ್ಟಲೆ ಒಂದೇ ಶೆಡ್ಡಿನಲ್ಲಿ ಬೆವರಿದವರು ನಾವು, ನಂಜುಂಡನಿಗೆ ಏನು ಇಷ್ಟವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅವನ ಹೆಂಡತಿ ಸುಧಾಗೆ ಫೋನ್ ಮಾಡಿದೆ. ಅಜ್ಜಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಯಾರು ಕೇಳ್ತಿರೋದು?" ಎಂದಳು ಸುಧಾ.

"ಮಾದೇಶನ ಅಮ್ಮ. ನಂಜುಂಡನಿಗೂ ಎಡೆ ಇಡ್ತಾರಂತೆ."

ಆ ಕಡೆ ಸುಧಾ ಟೀವಿಯ ಸದ್ದು ಆರಿಸಿದಳು.

"ಅವರಿಗೆ ಆ ಅಮ್ಮನ ಕೈಯ ಉಪ್ಸಾರೇ ಇಷ್ಟ ಕಣಕ್ಕ," ಎಂದಳು. "ನಾನು ಮಾಡಿದಾಗೆಲ್ಲ, ಚೆನ್ನಾಗಿದೆ, ಆದ್ರೆ ಮಾದೇಶನ ಮನೇದರ ಥರ ಇಲ್ಲ ಅನ್ನೋರು. ಕೊನೇವರೆಗೂ ಅದನ್ನೇ ಅಂದ್ರು."

ಪುಟ್ಟತಾಯಮ್ಮ ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋಗಿ, ಶೋಭಾಳನ್ನು ಪಕ್ಕಕ್ಕೆ ಸರಿಸಿ, ತಾವೇ ಉಪ್ಸಾರಿನ ಸೊಪ್ಪು ಬಿಡಿಸಲು ಕೂತರು.