ಹೊರಗಿನ ಬದನೆಯ ರುಚಿ

ಇವತ್ತೂ ನಮ್ಮ ಮನೆಯಲ್ಲಿ ಬದನೆಕಾಯಿಯೇ ಕಣ್ರಪ್ಪಾ.

ತಿನ್ನುವ ತರಕಾರಿಯನ್ನೆಲ್ಲ ನಾವೇ ಬೆಳೆಯಬೇಕು, ಹೊರಗೆ ಒಂದು ಕಾಯಿಯನ್ನೂ ಕೊಳ್ಳಬಾರದು ಎಂದು ನಮ್ಮ ಯಜಮಾನರ ಶಪಥ. ಮಣಿನಗರದ ಈ ಮನೆಯ ಹಿತ್ತಲು ಎರಡು ಮಂಚದಷ್ಟಿದೆ. ಊರಿಂದ ತಂದ ಬೀಜದ ಹಸಿರು ಗುಂಡುಬದನೆ ಬಿಟ್ಟು ಅಲ್ಲಿ ಸದ್ಯ ಬೇರೇನೂ ಬಿಡುತ್ತಿಲ್ಲ.

ಬೆಳಿಗ್ಗೆ ಸಾರಿಗೆ ಕೊತ್ತಂಬರಿ ಸೊಪ್ಪು ಬೇಕೆಂದೆ. ಇಲ್ಲಿ ತರಕಾರಿ ಕೊಂಡವರಿಗೆ ಅದನ್ನು ಪುಕ್ಕಟೆ ಕೊಡುತ್ತಾರೆ. ಪುಕ್ಕಟೆ ಸಿಕ್ಕಿದ್ದು ಕೊಂಡಂತಲ್ಲ ಎಂದು ವಾದಿಸಿಕೊಂಡು ಇವರು ತರಕಾರಿ ಗಾಡಿಯ ಕಾಂತಾಬೆನ್ ಹತ್ತಿರ ಹೋಗಿ ಬರೀ ಕೊತ್ತಂಬರಿ ಕೇಳಿದರು.

"ಪೆಹಲೇ ಸಬ್ಜಿ ಲೋ, ಭಾಯಿ," ಎಂದಳಾಕೆ, ಮೊದಲು ತರಕಾರಿ ತಗೊಳ್ಳಿ ಅಂತ.

ಇವರು ಹಿತ್ತಲಿಗೆ ಬಂದು ಒಂದು ಚೀಲ ಬದನೆ ಕಿತ್ತು ಆಕೆಗೇ ಕೊಟ್ಟರು. ಬದಲಿಗೆ ಒಂದು ಹಿಡಿ ಕೊತ್ತಂಬರಿ ತಂದು, "ನೋಡು, ಕೊಂಡಿಲ್ಲ," ಎಂದರು.

ಮಧ್ಯಾಹ್ನ ಪಕ್ಕದ ಮನೆಯ ಹಂಸಾಬೆನ್ ಒಂದು ಬಟ್ಟಲು ಪಲ್ಯ ತಂದುಕೊಟ್ಟು ನನ್ನ ಕಿವಿಗೆ ಮಾತ್ರ ಬೀಳುವಂತೆ ಹೇಳಿದರು: ಕಾಂತಾಬೆನ್ ಗಾಡಿಯಲ್ಲಿ ಇವತ್ತು ಹಸಿರು ಗುಂಡುಬದನೆ ಬಂದಿತ್ತಂತೆ, ಇದ್ದದ್ದನ್ನೆಲ್ಲ ತಾವೇ ಕೊಂಡು ಈ ಪಲ್ಯ ಮಾಡಿದರಂತೆ.

ಬೆಲ್ಲ, ಕಡಲೆಕಾಯಿ ಪುಡಿಯಲ್ಲಿ ಮುಳುಗಿದ ಬದನೆಯ ಗುರುತೇ ಸಿಗುವಂತಿರಲಿಲ್ಲ. "ಕೊಟ್ಟಿದ್ದು ತಾನೇ, ಕೊಂಡಿದ್ದಲ್ಲವಲ್ಲ," ಎನ್ನುತ್ತ ಇವರು ಎರಡು ಸಲ ಹಾಕಿಸಿಕೊಂಡರು. ನಾನು ಮಾಡಿದ ಬದನೆ ಪಲ್ಯ ಅವರ ತಟ್ಟೆಯಂಚಿನಲ್ಲೇ ಉಳಿಯಿತು.

"ಹೊರಗಿನ ಬದನೆಗೆ ಎಷ್ಟು ರುಚಿ ನೋಡೇ. ನಮ್ಮದು ಯಾಕೋ ಹೀಗಾಗಲ್ಲ."

ಇವರು ಉಂಡು ಮಲಗಿದ ಮೇಲೆ ಇದನ್ನು ಇಲ್ಲಿ ಬರೆದು ಹಾಕುತ್ತಿದ್ದೇನೆ. ಇವರೂ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ, ನಿದ್ದೆಯಿಂದ ಎದ್ದ ಮೇಲೆ ಓದಿಕೊಳ್ಳಲಿ.