ಒಂಟಿಗಣ್ಣಿನ ಕುದುರೆಯೊಡನೆ ಆನೈಮಲೈಗೆ

೧೯೫೪ನೆಯ ಇಸವಿ ಜೂನ್ ೯, ಬುಧವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕೊಯಮತ್ತೂರಿನಿಂದ ಮೇಟ್ಟುಪಾಳ್ಯದ ರೈಲು ಹೊರಟಾಗ ಸಣ್ಣ ಗಾಳಿಯಿತ್ತು, ಮಳೆಯಿರಲಿಲ್ಲ. ಮೂರನೆಯ ದರ್ಜೆ, ಟಿಕೆಟ್ಟು ಒಂಬತ್ತಾಣೆ. ನನ್ನ ಎದುರಿಗೆ ಸೋದರಮಾವ ರಂಗೇಗೌಡರು ಕುಳಿತಿದ್ದರು. ಆನೈಮಲೈಯಲ್ಲಿ ಅವರಿಗೆ ತೆಂಗಿನ ತೋಟವೂ ಕೊಬ್ಬರಿ ಎಣ್ಣೆಯ ಗಾಣವೂ ಇವೆ. ಗಾಣದ ಎತ್ತು ಬೇಸಿಗೆಯಲ್ಲಿ ಸತ್ತಿತ್ತು. ಅದರ ಜಾಗಕ್ಕೆ ಅವರು ಇನ್ನೊಂದು ಎತ್ತು ತರಲಿಲ್ಲ; ಊಟಿಯಲ್ಲಿ ಪಂದ್ಯದ ಕಾಲ ಮುಗಿಯುವ ಹೊತ್ತಿಗೆ ಮಾಲೀಕರು ಬೇಡವೆಂದು ಬಿಟ್ಟ ಕುದುರೆಯೊಂದನ್ನು ಕೊಂಡಿದ್ದರು. ಅದು ಬೆಟ್ಟ ಇಳಿದು ಮೇಟ್ಟುಪಾಳ್ಯಕ್ಕೆ ಬಂದಿತ್ತು. ಅಲ್ಲಿಂದ ನಾವಿಬ್ಬರೂ ಅದನ್ನು ನಡೆಸಿಕೊಂಡು ಹೋಗಬೇಕು, ಸುಮಾರು ಅರವತ್ತು ಮೈಲಿ. ಗಿರಣಿಯ ಆಫೀಸಿನಲ್ಲಿ ನಾನು ಒಂದು ವಾರದ ರಜೆ ಪಡೆದಿದ್ದೆ.

“ಕುದ್ರೆ ಎಲ್ಲಾದ್ರೂ ಚೆಕ್ಕು ಸುತ್ತುತ್ತಾ ಮಾವ?” ಎಂದು ಕೇಳಿದೆ. ನಮ್ಮ ಕಡೆ ಗಾಣಕ್ಕೆ ಚೆಕ್ಕು ಎಂದೇ ಹೆಸರು, ಅಳಿಯನಿಗೆ ಮಾಪ್ಳೆ ಎಂದು.

“ಯಾಕ್ ಸುತ್ತಲ್ಲ ಮಾಪ್ಳೆ? ಹುಟ್ಟಿದಾಗಿಂದ ಸುತ್ತಿ ಸುತ್ತೀನೇ ಓಡಿರೋ ಜೀವ ಅದು. ಎತ್ತಿಗಾದ್ರೆ ಪಾಠ ಹೇಳ್ಬೇಕು. ಇದಕ್ಕೆ ಕಣ್ಣಿಗೊಂದು ಬಟ್ಟೆ ಕಟ್ಟಿದ್ರೆ ಮುಗೀತು.”

ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ಕುದುರೆ ಬಸ್ ನಿಲ್ದಾಣದ ಹಿಂದಿನ ಹುಣಸೆ ಮರದ ಕೆಳಗೆ ನಿಂತಿತ್ತು. ಕಂದು ಮೈ, ಒಂದು ಹಿಂಗಾಲು ಬಿಳಿ, ಎದೆಯ ಎಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಎಡಗಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ. ಅದನ್ನು ಇಳಿಸಿ ತಂದಿದ್ದವನು ಮೈಸೂರು ಕಡೆಯವನು. ಮಾವ ಕಣ್ಣನ್ನು ತೋರಿಸಿದಾಗ ಅವನು ಬೀಡಿ ಹಚ್ಚುತ್ತ, “ಕೊನೇ ಫರ್ಲಾಂಗಲ್ಲಿ ಸವಾರನ ಚಾವಟಿ ತಪ್ಪಿ ಬಿತ್ತು ಸ್ವಾಮಿ. ಅವತ್ತು ಗೆದ್ದಿತ್ತು ಕಣ್ರೀ,” ಎಂದ. ಹಗ್ಗವನ್ನು ನಮ್ಮ ಕೈಗೆ ಕೊಟ್ಟು ಊಟಿಯ ಬಸ್ ಹತ್ತಿದ.

ಆ ದಿನ ಹನ್ನೆರಡು ಮೈಲಿ ನಡೆದೆವು. ಕಾರಮಡೈಯಲ್ಲಿ ಬಾಳೆಲೆಯ ಮೇಲೆ ಇಡ್ಲಿ ತಿಂದೆವು. ಕುದುರೆಗೆ ಹುಲ್ಲು ಮತ್ತು ನೆನೆಸಿದ ಹುರುಳಿ. ನಾನು ಮೊದಲು ಎಡಗಡೆಯಲ್ಲಿ ನಡೆಯುತ್ತಿದ್ದೆ. ನಾನು ಕೆಮ್ಮಿದಾಗಲೆಲ್ಲ ಅದು ಬೆಚ್ಚುತ್ತಿತ್ತು. ಬಲಗಡೆಗೆ ಹೋದ ಮೇಲೆ ಶಾಂತವಾಯಿತು. ದಿನಚರಿಯ ಹಾಳೆಯ ನಡುವೆ ಒಂದು ಗೆರೆ ಎಳೆದೆ: ಎಡಕ್ಕೆ ನಾನು ಕಂಡದ್ದು, ಬಲಕ್ಕೆ ಕುದುರೆ ಕಂಡದ್ದು. ನನ್ನ ಕಡೆ, ರಂಗನಾಥನ ಗೋಪುರ. ಅದರ ಕಡೆ, ಗೋಪುರದ ನೆರಳು, ದಾಟಲು ಹೆದರಿತು. ನನ್ನ ಕಡೆ, ಅಡಿಕೆಯ ಗಾಡಿಗಳು. ಅದರ ಕಡೆ, ಗಾಡಿಯವನ ಕೈಯ ಕೋಲು. ಲಾರಿಗೆ ಅದು ಅಷ್ಟಾಗಿ ಹೆದರಲಿಲ್ಲ. ಛತ್ರಿ ಬಿಚ್ಚಿದ ಮುದುಕನಿಗೂ, ತಲೆಗೆ ಮುಂಡಾಸು ಸುತ್ತಲು ತೋಳೆತ್ತಿದ ಮಾವನಿಗೂ ಹೆದರಿತು.

ಹತ್ತನೆಯ ತಾರೀಖು ಕೊಯಮತ್ತೂರಿನ ನಮ್ಮ ಮನೆಯ ಹಿತ್ತಲಲ್ಲಿ ತಂಗಿದೆವು. ಹನ್ನೊಂದರಂದು ಪೊಳ್ಳಾಚಿ ರಸ್ತೆ ಹಿಡಿದು ಕಿಣತ್ತುಕ್ಕಡವು ಸೇರಿದೆವು, ಹದಿನೈದು ಮೈಲಿ. ಪಾಲಕ್ಕಾಡಿನ ಕಣಿವೆಯಿಂದ ಗಾಳಿ ಸತತವಾಗಿ ಬೀಸುತ್ತಿತ್ತು. ಆಗಾಗ ಹೂವಿನ ಪುಡಿಯಂಥ ಸೋನೆ. ಮೈ ನೆನೆಯುವ ಮೊದಲೇ ಬಿಸಿಲು. ಇಂಥ ಗಾಳಿಯಲ್ಲಿ ತಾಸುಗಟ್ಟಲೆ ನಡೆದರೆ ಕಾಲು ತನ್ನ ಪಾಡಿಗೆ ಹೋಗುತ್ತದೆ, ಮನಸ್ಸು ಅರೆನಿದ್ದೆಗೆ ಜಾರುತ್ತದೆ. ಏನು ತೋಚಿತೋ, ಕರವಸ್ತ್ರವನ್ನು ಎಡಗಣ್ಣಿಗೆ ಕಟ್ಟಿಕೊಂಡೆ.

ಮಾವ ತಿರುಗಿ ನೋಡಿದರು. “ಇದೇನ್ ಮಾಪ್ಳೆ, ನಾನು ಒಂದ್ ಕುದ್ರೆಗೆ ತಾನೆ ಕಾಸು ಕೊಟ್ಟಿದ್ದು?”

“ಹೇಗಿರುತ್ತೆ ನೋಡೋಣ ಅಂತ.”

“ನೋಡು, ನೋಡು. ಸಂಜೆಗೆ ನಿನಗೂ ಹುರುಳಿ ನೆನೆಸ್ತೀನಿ.”

ಎರಡು ಮೈಲಿ ಹಾಗೆಯೇ ನಡೆದೆ. ಎಡಗಡೆಗೆ ಲೋಕವೇ ಇರಲಿಲ್ಲ. ಅಲ್ಲಿಂದ ಮೊದಲು ಸದ್ದು ಬರುತ್ತಿತ್ತು. ಆಮೇಲೆ ಒಂದು ಎತ್ತು, ಒಬ್ಬ ಹೆಂಗಸು, ಒಂದು ತೆಂಗಿನ ಮರ, ಆಗ ತಾನೇ ಹುಟ್ಟಿದಂತೆ ಮುಂದೆ ಬರುತ್ತಿದ್ದವು. ಆ ಕಾಣದ ಕಡೆಯಿಂದಲೇ ಕುದುರೆಯ ಉಸಿರು. ನಡೆಯುತ್ತ ನಡೆಯುತ್ತ ಆ ಉಸಿರು ನನ್ನದೇ ಅನ್ನಿಸತೊಡಗಿತು. ನಾಲ್ಕು ಕಾಲಿನ ಕೆಳಗೆ ಹಸಿರು ಹುಲ್ಲು. ಬಿಳಿಯ ಬೇಲಿ, ಬೇಲಿಯಾಚೆ ಬಾಯಿ ತೆರೆದ ಸಾಲು ಸಾಲು ಮುಖಗಳು. ಬೆನ್ನ ಮೇಲೆ ಒಬ್ಬನಿದ್ದಾನೆ. ಅವನ ಮುಖವನ್ನು ನಾನು ಎಂದೂ ಕಂಡಿಲ್ಲ, ಕೈಯನ್ನು ಮಾತ್ರ ಬಲ್ಲೆ. ಹೊಡೆತದಿಂದ ದೂರ ಹೋಗಲು ಓಡುತ್ತೇನೆ. ಎಷ್ಟು ಓಡಿದರೂ ಅದು ಹಿಂದೆ ಉಳಿಯುವುದಿಲ್ಲ, ಏಕೆಂದರೆ ಹೊಡೆಯುವವನನ್ನು ಹೊತ್ತುಕೊಂಡೇ ಓಡುತ್ತಿದ್ದೇನೆ.

ಕಲ್ಲಿಗೆ ಎಡವಿ ಎಚ್ಚರವಾಯಿತು. ಕರವಸ್ತ್ರ ಬಿಚ್ಚಿದೆ.

“ಮಾವ, ಚೆಕ್ಕಿಗೆ ಕಟ್ಟುವಾಗ ಇದಕ್ಕೆ ಎರಡೂ ಕಣ್ಣು ಮುಚ್ತೀರಾ?”

“ಇನ್ನೇನು? ಮುಚ್ಚದಿದ್ರೆ ತಲೆ ಸುತ್ತಿ ಬೀಳುತ್ತೆ.”

“ಇರೋದು ಒಂದೇ.”

“ಒಂದ್ ಮುಚ್ಚಿದ್ರೆ ಸಾಕು, ಬಟ್ಟೆ ಮಿಗುತ್ತೆ,” ಎಂದು ಮಾವ ನಕ್ಕರು. ನನ್ನ ಮುಖ ನೋಡಿ, “ಚೆಕ್ಕು ನಿಂತು ಎರಡು ತಿಂಗಳಾಯ್ತು ಮಾಪ್ಳೆ. ನಿಮ್ಮತ್ತೆ ಬಾಯಿಗೆ ನಾನು ಏನು ಕೊಡ್ಲಿ?” ಎಂದರು.

ಹನ್ನೆರಡರಂದು ಲಾರಿಗಳ ಧೂಳು ತಪ್ಪಿಸಲು ನೆಗಮಂ ಕಡೆಯ ಹಳ್ಳಿದಾರಿ ಹಿಡಿದೆವು, ಎಂಟು ಮೈಲಿ. ನೆಗಮದಲ್ಲಿ ನೇಕಾರರ ಕೇರಿಯ ಛತ್ರದಲ್ಲಿ ಉಳಿದೆವು. ಅಲ್ಲಿನ ದೇವಾಂಗದವರು ಮನೆಯಲ್ಲಿ ನಮ್ಮಂತೆಯೇ ಕನ್ನಡ ಆಡುತ್ತಾರೆ. ಅಷ್ಟು ದೂರ ಬಂದು ನಮ್ಮ ಮಾತು ಕೇಳಿ ಮಾವ ಹಿಗ್ಗಿ ಎರಡು ಲೋಟ ಕಾಫಿ ಕುಡಿದರು.

ಹದಿಮೂರು, ಭಾನುವಾರ, ಬೆಳಿಗ್ಗೆ. ಸೋನೆ ನಿಂತಿತ್ತು. ಛತ್ರದ ಸಣ್ಣ ಓಣಿಯಿಂದ ದೊಡ್ಡ ಬೀದಿಗೆ ಬಂದಾಗ ದಾರಿಗೆ ಅಡ್ಡಲಾಗಿ ನೇಕಾರರು ಪಾವು ಹಾಸಿದ್ದರು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಬೀದಿಯುದ್ದಕ್ಕೂ ಕವೆಗೋಲುಗಳ ಮೇಲೆ ಎಳೆದು ಕಟ್ಟಿ ಗಂಜಿ ಹಚ್ಚುವುದಕ್ಕೆ ಪಾವು ಎನ್ನುತ್ತಾರೆ. ಎದೆಯೆತ್ತರಕ್ಕೆ ಸಾವಿರಾರು ಬಿಳಿ ಎಳೆಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ಕುದುರೆ ನಿಂತುಬಿಟ್ಟಿತು. ಕಿವಿ ಮುಂದಕ್ಕೆ, ಕುತ್ತಿಗೆ ಬಿಗಿ, ಮೈಯೆಲ್ಲ ಸಣ್ಣ ನಡುಕ.

ಗಂಜಿಯ ಕುಂಚ ಹಿಡಿದಿದ್ದ ಹೆಂಗಸೊಬ್ಬಳು ಕೂಗಿದಳು: “ಗೌಡ್ರೆ, ಕುದ್ರೆ ಹಿಡ್ಕೊಳ್ಳಿ. ಪಾವು ಹರಿದ್ರೆ ಈ ತಿಂಗ್ಳು ನಮ್ಗೆ ಕೂಳಿಲ್ಲ.”

“ಎತ್ತಿ ಹಿಡಿ ತಾಯಿ, ಕೆಳಗೆ ನುಸುಳಿ ಹೋಗ್ತೀವಿ,” ಎಂದರು ಮಾವ. ದನ ಕರು ಬಂದಾಗ ಅವರು ಹಾಗೆಯೇ ಮಾಡುವುದು ವಾಡಿಕೆ. ನಾಲ್ಕು ಜನ ಕವೆಗೋಲುಗಳಿಗೆ ಕೈ ಹಾಕಿದರು.

ಹಿಂದಿನ ವರ್ಷ ಊಟಿಯಲ್ಲಿ ಬೇಲಿಯಾಚೆ ನಿಂತು ನಾನೊಂದು ಪಂದ್ಯ ನೋಡಿದ್ದೆ. ಕುದುರೆಗಳ ಎದುರಿಗೆ ಬಿಳಿಯ ಪಟ್ಟಿಗಳನ್ನು ಅಡ್ಡ ಎಳೆದಿರುತ್ತಾರೆ. ಅವು ಮೇಲಕ್ಕೆ ಹಾರಿದರೆ ಓಟ ಶುರು. ಅದು ನೆನಪಾಗಿ “ಎತ್ತಬೇಡಿ” ಎನ್ನುವಷ್ಟರಲ್ಲಿ ನೂಲು ಮೇಲೇರಿತ್ತು.

ಹಗ್ಗ ಮಾವನ ಕೈಯಿಂದ ಹಾರಿಹೋಯಿತು. ಕುದುರೆ ಒಂದೂ ಎಳೆ ಮುಟ್ಟದೆ ಕೆಳಗಿನಿಂದ ನುಗ್ಗಿ, ಬೀದಿ ದಾಟಿ, ಉತ್ತು ಬಿಟ್ಟಿದ್ದ ಕಪ್ಪು ಹೊಲಕ್ಕೆ ಇಳಿಯಿತು. ಅದು ಅಷ್ಟು ಚೆಲುವಾಗಿ ಓಡಬಲ್ಲದೆಂದು ನಮಗೆ ಗೊತ್ತಿರಲಿಲ್ಲ. ಬೆನ್ನ ಮೇಲೆ ಯಾರೂ ಇರಲಿಲ್ಲ. ಗಾಳಿ ಅದರ ಜೊತೆಗೇ ಓಡಿತು. ನೇಕಾರರು ಎತ್ತಿದ ಪಾವನ್ನು ಇಳಿಸುವುದನ್ನೂ ಮರೆತು ನೋಡುತ್ತಿದ್ದರು. ಇನ್ನು ಇದು ಸಿಗುವುದಿಲ್ಲ, ಆನೈಮಲೈ ಬೆಟ್ಟದ ಕಾಡಿಗೇ ಹೋಗಲಿ ಎಂದು ಒಂದು ಕ್ಷಣ ನಾನು ಬಯಸಿದೆ.

ಅದು ಹೊಲವನ್ನು ದೊಡ್ಡದಾಗಿ ಸುತ್ತಿ ವಾಪಸು ಬಂತು. ನಮ್ಮ ಮುಂದೆಯೇ ನಿಂತು, ತಲೆ ತಗ್ಗಿಸಿ, ಒಳ್ಳೆಯ ಕಣ್ಣನ್ನೂ ಮುಚ್ಚಿಕೊಂಡಿತು. ಮಾವ ಬೆವರು ಒರೆಸಲು ಟವಲು ಹಿಡಿದ ಕೈ ಎತ್ತಿದರು. ಕುದುರೆ ಕದಲಲಿಲ್ಲ. ಕುತ್ತಿಗೆಯಿಂದ ಪಕ್ಕೆಯವರೆಗೆ ಚರ್ಮ ಅಲೆಯಲೆಯಾಗಿ ನಡುಗಿತು. ಅದು ಹೊಡೆತಕ್ಕಾಗಿ ಕಾಯುತ್ತಿತ್ತು.

ಮಾವ ಎತ್ತಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ. ಇಳಿಸಿದರೆ ಎಲ್ಲಿ ಬೀಳುತ್ತದೋ ಎಂಬಂತೆ ನಿಂತಿದ್ದರು. ಆಮೇಲೆ ಮೆಲ್ಲಗೆ, “ಎಷ್ಟು ಹೊಡೆದಿರ್ಬೇಕು ಮಾಪ್ಳೆ, ತಾನಾಗೇ ಬಂದು ಬೆನ್ನು ಕೊಡೋ ಹಂಗೆ,” ಎಂದರು.

ಹೆಂಗಸು ನೂಲಿಗೆಂದು ಕಾಯಿಸಿದ್ದ ಗಂಜಿಯಲ್ಲಿ ಒಂದು ಚಟ್ಟಿ ತಂದು ಕುದುರೆಯ ಮುಂದಿಟ್ಟಳು. “ಚೆಕ್ಕಿಗಂತೆ? ಛತ್ರದ ಹುಡುಗ ಹೇಳ್ತಿದ್ದ. ಚೆಕ್ಕಿಗೆ ನೀವೇ ಹೂಡ್ಕೊಳ್ಳಿ ಗೌಡ್ರೆ, ಮೈ ಗಟ್ಟಿಯಾಗೇ ಇದೆ.”

ಕುದುರೆ ಗಂಜಿ ಕುಡಿದ ಮೇಲೆ ಮಾವ ಹಗ್ಗ ಹಿಡಿದರು. ಪೊಳ್ಳಾಚಿಯವರೆಗೆ ಎಂಟು ಮೈಲಿ ನಡೆದೆವು. ಅಲ್ಲಿ ಸಂತೆ ಮೈದಾನ ಖಾಲಿ ಬಿದ್ದಿತ್ತು. ಅದರ ಅಂಚಿನಲ್ಲಿ ನಿಂತು, “ಸಂತೆ ದಿನ ಬಂದು ಒಂದ್ ಎತ್ತು ನೋಡ್ತೀನಿ. ನಿಮ್ಮತ್ತೆಗೆ ನೀನೇ ಹೇಳು,” ಎಂದರು.

ಹದಿನಾಲ್ಕರ ಮಧ್ಯಾಹ್ನ ಆನೈಮಲೈ ಸೇರಿದೆವು. ಅತ್ತೆ ಕುದುರೆಯನ್ನು ಸುತ್ತ ನೋಡಿ, “ಉಳೋದಿಲ್ಲ, ಕರೆಯೋದಿಲ್ಲ, ಚೆಕ್ಕೂ ಸುತ್ತೋದಿಲ್ಲ. ನಿಮ್ಮ ಮಾವನಿಗೆ ಒಳ್ಳೆ ಜೋಡಿ,” ಎಂದು ನೀರಿಡಲು ಹೋದರು.

ಮರುದಿನ ಬೆಳಿಗ್ಗೆ ಹಗ್ಗ ಬಿಚ್ಚಿ ತೋಟದಲ್ಲಿ ಬಿಟ್ಟೆವು. ಅದು ತೆಂಗಿನ ಸಾಲುಗಳ ಹೊರಗೆ ತಾನಾಗಿ ಒಂದು ಸುತ್ತು ಓಡಿತು. ಓಡಿ ಬಂದು ಮಾವನ ಮುಂದೆ ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಂತಿತು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಾತಾಡಿಸಿದರು. ನಡುಕ ನಿಲ್ಲಲಿಲ್ಲ. ಹತ್ತು ಗಂಟೆಯ ಬಸ್ಸಿಗೆ ನಾನು ಹೊರಟಾಗಲೂ ಇಬ್ಬರೂ ಹಾಗೆಯೇ ನಿಂತಿದ್ದರು.

ಮೂರು ವಾರವಾಯಿತು. ದಿನವೂ ಹೀಗೆಯೇ ನಡೆಯುತ್ತಿದೆ ಎಂದು ಮಾವ ಹೇಳಿ ಕಳಿಸಿದ್ದಾರೆ. ಓದುಗರಲ್ಲಿ ಪಂದ್ಯದ ಕುದುರೆಗಳೊಡನೆ ಬಾಳಿದವರು ಇದ್ದರೆ, ಓಟ ಮುಗಿಯಿತು, ಇನ್ನು ಯಾರೂ ಹೊಡೆಯುವುದಿಲ್ಲ ಎಂಬುದನ್ನು ಅದಕ್ಕೆ ತಿಳಿಸುವ ಬಗೆ ಯಾವುದೆಂದು ದಯವಿಟ್ಟು ಸಂಪಾದಕರ ಮೂಲಕ ನನಗೆ ಬರೆಯಬೇಕು.